ನಡುಗಡ್ಡೆ ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ನದಿಗಳ ನಡುವೆ ನೀರಿನಿಂದ ಸುತ್ತುವರಿದ, ಜನವಸತಿಯುಳ್ಳ ಸ್ಥಳಗಳು ಹಲವಿವೆ. ಕೃಷ್ಣಾ ನದಿಯಲ್ಲಿ ಇವುಗಳಿಗೆ ಗಡ್ಡಿ ಅಥವಾ ನಡುಗಡ್ಡೆ ಎಂದೂ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕುದ್ರು ಎಂದೂ, ಉತ್ತರ ಕನ್ನಡ ಜಿಲ್ಲೆಯಲ್ಲಿ ಕುರ್ವೆ ಎಂದೂ ಹೆಸರು. ರಾಯಚೂರು ತಾಲ್ಲೂಕಿನ ಕುರ್ವಕುಲ ಮತ್ತು ಕುರ್ವಕುರ್ದಾ, ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ನೇತ್ರಾವತಿಯ ಪಾವೂರು ಉಳಿಯ, ಶರಾವತಿಯ ಮಾವಿನಕುರ್ವಾ ಇವುಗಳಲ್ಲಿ ಕೆಲವು. ಕೆಲವೆಡೆ ಬೆರಳೆಣಿಕೆಯ ಕುಟುಂಬಗಳು ಮಾತ್ರ ಇದ್ದರೆ, ಮಾವಿನಕುರ್ವಾದಂತಹ ಕಡೆ ನಡುಗಡ್ಡೆಯ ಹೆಸರಿನಲ್ಲೇ ಗ್ರಾಮ ಪಂಚಾಯಿತಿ ಇದೆ.

ಇಂತಹ ಸ್ಥಳಗಳ ನಿವಾಸಿಗಳಿಗೆ ಅನ್ವಯಿಸುವ ಚುನಾವಣಾ ಕಾನೂನು ಬೇರೆಯಲ್ಲ. ಎಲ್ಲ ಗ್ರಾಮಗಳಿಗೂ ಇರುವ ಕಾನೂನೇ ಇವರಿಗೂ ಇದೆ. ಆದರೆ ಅದೇ ಕಾನೂನು ನೀರಿನ ಆಚೆ ಇರುವವರ ಮೇಲೆ ಬೇರೆ ಪರಿಣಾಮ ಬೀರುತ್ತದೆ. ಚುನಾವಣೆ ಎಂದೊಡನೆ ನಡುಗಡ್ಡೆಯ ನಿವಾಸಿಗಳು ಸಾಮಾನ್ಯವಾಗಿ ವಿಚಾರಿಸುವುದು ಮತದಾನದ ದಿನದ ದೋಣಿಯ ಬಗ್ಗೆ. ವಾಸ್ತವವಾಗಿ ಅವರ ಮತಕ್ಕೆ ಎಷ್ಟು ಬೆಲೆ ಬರುತ್ತದೆ ಎಂಬುದು ಅದಕ್ಕೂ ಬಹಳ ಮುಂಚೆ, ಕ್ಷೇತ್ರದ ಗಡಿ ಮತ್ತು ಮತದಾರರ ಪಟ್ಟಿಯ ಕರಡು ಪ್ರಕಟವಾಗುವ ದಿನಗಳಲ್ಲಿ, ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಎರಡು ವಿಷಯಗಳನ್ನು ಇಲ್ಲಿ ವಿಸ್ತಾರವಾಗಿ ನೀಡಲಾಗಿದೆ.

ಕಾನೂನಿನ ಆಧಾರ

ಸಂವಿಧಾನದ 73ನೇ ತಿದ್ದುಪಡಿ ಹಾಗೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಇವುಗಳ ಅನ್ವಯ ಗ್ರಾಮ ಪಂಚಾಯಿತಿಗಳಿಗೆ ಐದು ವರ್ಷಗಳ ಅವಧಿ ಇರುತ್ತದೆ. ಚುನಾವಣೆ ನಡೆಸುವ ಅಧಿಕಾರ ಕರ್ನಾಟಕ ರಾಜ್ಯ ಚುನಾವಣಾ ಆಯೋಗದ್ದು. ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳನ್ನು ನಡೆಸುವ ಭಾರತ ಚುನಾವಣಾ ಆಯೋಗ ಬೇರೆ, ಇದು ಬೇರೆ. ಅರ್ಜಿದಾರರು ಈ ಎರಡನ್ನು ಒಂದೇ ಎಂದು ಭಾವಿಸಿ ತಪ್ಪು ವಿಳಾಸಕ್ಕೆ ಮನವಿ ಕಳುಹಿಸುವುದುಂಟು.

18 ವರ್ಷ ತುಂಬಿದವರು ಮತದಾರರಾಗಬಹುದು, 21 ವರ್ಷ ತುಂಬಿದ ಮತದಾರರು ಸ್ಪರ್ಧಿಸಬಹುದು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾಗಿದ್ದು, ರಾಜಕೀಯ ಪಕ್ಷಗಳ ಚಿಹ್ನೆ ಬಳಸುವಂತಿಲ್ಲ. ಅನುಸೂಚಿತ ಜಾತಿ, ಅನುಸೂಚಿತ ಪಂಗಡ, ಹಿಂದುಳಿದ ವರ್ಗ ಹಾಗೂ ಮಹಿಳೆಯರಿಗೆ ಸ್ಥಾನಗಳು ಮೀಸಲಿರುತ್ತವೆ.

ಕ್ಷೇತ್ರ ವಿಂಗಡಣೆ

ಅಧಿನಿಯಮದ ಪ್ರಕಾರ ಪಂಚಾಯಿತಿ ಪ್ರದೇಶದ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರಿರುತ್ತಾರೆ. ಜನಸಂಖ್ಯೆ ಎಂದರೆ ಅಂಕಿ-ಅಂಶಗಳು ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ. ಈಗ ಎಷ್ಟು ಜನ ವಾಸವಾಗಿದ್ದಾರೆ ಎಂಬುದನ್ನು ಇಲ್ಲಿ ಪರಿಗಣಿಸುವುದಿಲ್ಲ.

"ಅಥವಾ ಅದರ ಭಾಗಕ್ಕೆ" ಎಂಬ ಮಾತನ್ನು ಓದಿ, ನಮ್ಮ ಗಡ್ಡಿಯಲ್ಲಿ 190 ಜನರಿದ್ದೇವೆ, ಆದ್ದರಿಂದ ನಮಗೆ ಒಂದು ಸ್ಥಾನ ಬರಲೇಬೇಕು ಎಂದು ಕೋರುವವರಿದ್ದಾರೆ. ಇದು ಸರಿಯಾದ ಅರ್ಥವಲ್ಲ. ಸದರಿ ಲೆಕ್ಕ ಇಡೀ ಪಂಚಾಯಿತಿ ಪ್ರದೇಶಕ್ಕೆ ಸಂಬಂಧಿಸಿದ್ದು. ಉದಾಹರಣೆಗೆ, ಒಟ್ಟು 5,900 ಜನಸಂಖ್ಯೆ ಇರುವ ಪಂಚಾಯಿತಿಯಲ್ಲಿ 5,600ಕ್ಕೆ 14 ಸದಸ್ಯರು, ಉಳಿದ 300ಕ್ಕೆ ಒಬ್ಬರು, ಹೀಗೆ 15 ಸದಸ್ಯರು ಆಗುತ್ತಾರೆ. ಈ 15 ಸ್ಥಾನಗಳನ್ನು ಕ್ಷೇತ್ರಗಳಿಗೆ ಹಂಚುವಾಗ ಸಂವಿಧಾನದ 243ಸಿ ಅನುಚ್ಛೇದವನ್ನು ಪಾಲಿಸಬೇಕಾಗುತ್ತದೆ. ಕ್ಷೇತ್ರದ ಜನಸಂಖ್ಯೆಗೂ ಅದರ ಸ್ಥಾನಗಳಿಗೂ ಇರುವ ಪ್ರಮಾಣವು ಸಾಧ್ಯವಾದಷ್ಟು ಮಟ್ಟಿಗೆ ಪಂಚಾಯಿತಿಯ ಎಲ್ಲೆಡೆ ಒಂದೇ ಆಗಿರತಕ್ಕದ್ದು ಎಂಬುದು ಅದರ ಸಾರಾಂಶ. ಮೇಲಿನ ಉದಾಹರಣೆಯಲ್ಲಿ ಒಂದು ಸ್ಥಾನಕ್ಕೆ ಸರಾಸರಿ 393 ಜನ. 190 ಜನರಿಗೆ ಒಂದು ಪ್ರತ್ಯೇಕ ಸ್ಥಾನ ನೀಡಿದರೆ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ.

ಹಾಗಾಗಿ ಚಿಕ್ಕ ನಡುಗಡ್ಡೆಗಳನ್ನು ದಂಡೆಯ ಮೇಲಿನ ಗ್ರಾಮದೊಂದಿಗೆ ಸೇರಿಸಿ ಒಂದು ಕ್ಷೇತ್ರ ಮಾಡುವುದು ರೂಢಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಕ್ಷೇತ್ರಗಳಿಗೆ ಒಂದಕ್ಕಿಂತ ಹೆಚ್ಚು ಸ್ಥಾನಗಳು ಇರಬಹುದಾದ್ದರಿಂದ, ಸುಮಾರು 1,180 ಜನಸಂಖ್ಯೆಯ ಇಂತಹ ಕ್ಷೇತ್ರಕ್ಕೆ ಮೂರು ಸ್ಥಾನಗಳು ಬರುತ್ತವೆ. ಕಾಗದದ ಮೇಲೆ ನಡುಗಡ್ಡೆಗೆ ಮೂವರು ಸದಸ್ಯರು ಇದ್ದಂತಾಯಿತು. ಆದರೆ 990 ಜನ ದಂಡೆಯಲ್ಲಿ, 190 ಜನ ನೀರಿನ ನಡುವೆ ಇರುವಾಗ, ದಂಡೆಯ ಮತಗಳು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋದರೆ ಮಾತ್ರ ನಡುಗಡ್ಡೆಯವರೊಬ್ಬರು ಗೆಲ್ಲಲು ಸಾಧ್ಯ. ಇಲ್ಲದಿದ್ದರೆ ಮೂವರೂ ದಂಡೆಯವರೇ ಆಗುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮಳೆಗಾಲದಲ್ಲಿ ತೆಪ್ಪ ನಿಂತುಹೋದಾಗ ಪಂಚಾಯಿತಿ ಸಭೆಯಲ್ಲಿ ಆ ವಿಷಯ ಎತ್ತಲು ಅಲ್ಲಿಯ ನಿವಾಸಿಯೊಬ್ಬರು ಇರುವುದಿಲ್ಲ.

ಅನುಚ್ಛೇದದಲ್ಲಿರುವ "ಸಾಧ್ಯವಾದಷ್ಟು ಮಟ್ಟಿಗೆ" ಎಂಬ ಪದಗಳು ಇಲ್ಲಿ ಮುಖ್ಯ. ಭೌಗೋಳಿಕ ಕಾರಣಗಳನ್ನು ಮಂಡಿಸಲು ಇವು ಅವಕಾಶ ನೀಡುತ್ತವೆ. ಪ್ರತ್ಯೇಕ ಕ್ಷೇತ್ರ ಬೇಕು ಎಂದು ಬರೆಯುವುದಕ್ಕಿಂತ, ದೋಣಿಗಟ್ಟದ ಪಕ್ಕದಲ್ಲಿರುವ, ಅದೇ ದೋಣಿಯನ್ನು ಅವಲಂಬಿಸಿದ ಸಣ್ಣ ಜನವಸತಿಯನ್ನು ನಡುಗಡ್ಡೆಯೊಂದಿಗೆ ಸೇರಿಸಿ ಒಂದು ಸ್ಥಾನದ ಕ್ಷೇತ್ರ ರಚಿಸಲು ಕೋರುವುದು ಹೆಚ್ಚು ಫಲಕಾರಿ. 190 ಮತ್ತು 200 ಸೇರಿದರೆ 390. ಪ್ರಮಾಣವೂ ಸರಿಹೋಗುತ್ತದೆ, ನಡುಗಡ್ಡೆಯ ಮತವೂ ಹೆಚ್ಚುಕಡಿಮೆ ಅರ್ಧ ಭಾಗವಾಗುತ್ತದೆ. ಲೆಕ್ಕ ಸಹಿತ ಬಂದ ಆಕ್ಷೇಪಣೆಯನ್ನು ಲೆಕ್ಕದ ಮೂಲಕವೇ ಉತ್ತರಿಸಬೇಕಾಗುತ್ತದೆ ಎಂಬುದನ್ನು ಅರ್ಜಿದಾರರು ನೆನಪಿನಲ್ಲಿಡುವುದು ಒಳ್ಳೆಯದು.

ಕ್ಷೇತ್ರ ವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ದಿನಾಂಕ ನಿಗದಿಪಡಿಸಲಾಗುತ್ತದೆ. ಪ್ರಕಟಣೆಯನ್ನು ತಾಲ್ಲೂಕು ಕಚೇರಿ ಮತ್ತು ಗ್ರಾಮ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ನೋಡಬಹುದು. ಈ ಎರಡೂ ಕಚೇರಿಗಳು ಬಹುತೇಕ ಕಡೆ ನದಿಯ ಈಚೆ ದಂಡೆಯಲ್ಲಿರುವುದರಿಂದ, ನಡುಗಡ್ಡೆಗೆ ಸುದ್ದಿ ತಲುಪುವ ವೇಳೆಗೆ ದಿನಾಂಕ ಮುಗಿದಿರುವ ಸಂಭವ ಇರುತ್ತದೆ. ಸ್ವಸಹಾಯ ಸಂಘದ ಸದಸ್ಯರೋ ಶಾಲೆಯ ಶಿಕ್ಷಕರೋ ದಂಡೆಗೆ ಹೋದಾಗ ಸೂಚನಾ ಫಲಕವನ್ನು ಓದಿ ಬರುವ ಏರ್ಪಾಡು ಮಾಡಿಕೊಳ್ಳುವುದು ಸೂಕ್ತ. ಆಕ್ಷೇಪಣೆಗೆ ಸ್ವೀಕೃತಿ ಪಡೆಯತಕ್ಕದ್ದು. ಬಾಯಿಮಾತಿನಲ್ಲಿ ತಿಳಿಸಿದ್ದನ್ನು ಆಕ್ಷೇಪಣೆ ಎಂದು ಪರಿಗಣಿಸಲಾಗುವುದಿಲ್ಲ.

ಸೇತುವೆಯಾದ ಕಡೆ ಈ ವಾದದ ಬಲ ಕಡಿಮೆಯಾಗುತ್ತದೆ. ಸಾಗರ ತಾಲ್ಲೂಕಿನ ತುಮರಿ ಭಾಗವು ಪೂರ್ಣಾರ್ಥದಲ್ಲಿ ದ್ವೀಪವಲ್ಲದಿದ್ದರೂ, ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಿಂದಾಗಿ ದಶಕಗಳ ಕಾಲ ಲಾಂಚ್ ಸೇವೆಯನ್ನೇ ನಂಬಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಲೋಕಾರ್ಪಣೆಗೊಂಡ ಮೇಲೆ ಅಲ್ಲಿ ಪರಿಸ್ಥಿತಿ ಬದಲಾಗಿದೆ. ಕೃಷ್ಣೆಯ ಗಡ್ಡಿಗಳ ಪರಿಸ್ಥಿತಿ ಹಾಗಿಲ್ಲ.

ಮತದಾರರ ಪಟ್ಟಿ

ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಯನ್ನು ವಿಧಾನಸಭಾ ಮತದಾರರ ಪಟ್ಟಿಯ ಆಧಾರದ ಮೇಲೆ ಸಿದ್ಧಪಡಿಸಲಾಗುತ್ತದೆ. ಹೀಗಾಗಿ ವಿಧಾನಸಭಾ ಪಟ್ಟಿಯಲ್ಲಿ ಹೆಸರಿಲ್ಲದವರ ಹೆಸರು ಪಂಚಾಯಿತಿ ಪಟ್ಟಿಯಲ್ಲೂ ಇರುವುದಿಲ್ಲ. ಹೊಸದಾಗಿ ಸೇರಲು ನಮೂನೆ 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿಗೆ ಹಾಗೂ ವಾಸಸ್ಥಳ ಬದಲಾವಣೆಗೆ ನಮೂನೆ 8 ಬಳಸಬೇಕು. 2022ರ ಆಗಸ್ಟ್‌ಗೆ ಮುಂಚೆ ವಾಸಸ್ಥಳ ಬದಲಾವಣೆಗೆ ಇದ್ದ ಬೇರೆ ನಮೂನೆಗಳು ಈಗ ಚಾಲ್ತಿಯಲ್ಲಿಲ್ಲ. ಅರ್ಜಿಗಳನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ಅಥವಾ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ನೀಡಬಹುದು.

ನಡುಗಡ್ಡೆಯವರಿಗೆ ಎದುರಾಗುವ ತೊಂದರೆ ಹೆಚ್ಚಾಗಿ ಸಾಮಾನ್ಯ ನಿವಾಸದ ಪ್ರಶ್ನೆಯಲ್ಲಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣಾ ತೀರದ ಹಲವು ಕುಟುಂಬಗಳು ದಂಡೆಗೆ ಬಂದು ಬಂಧುಗಳ ಮನೆಯಲ್ಲೋ ಪರಿಹಾರ ಕೇಂದ್ರದಲ್ಲೋ ಇರಬೇಕಾಗುತ್ತದೆ. ಮಕ್ಕಳ ಓದಿಗಾಗಿ ತಾಯಂದಿರು ದಂಡೆಯಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಬೆಂಗಳೂರು, ಹೈದರಾಬಾದ್ ಕಡೆಗೆ ದುಡಿಯಲು ಗುಳೆ ಹೋಗುವವರೂ ಇದ್ದಾರೆ. ಇಂತಹ ಮನೆ ಬೀಗ ಹಾಕಿದ್ದಾಗ ಪರಿಶೀಲನೆ ನಡೆದರೆ, ಅಲ್ಲಿ ಯಾರೂ ವಾಸವಿಲ್ಲ ಎಂದು ದಾಖಲಾಗುವ ಸಾಧ್ಯತೆ ಇರುತ್ತದೆ.

ಪ್ರಜಾಪ್ರಾತಿನಿಧ್ಯ ಅಧಿನಿಯಮ, 1950ರ 20ನೇ ಪ್ರಕರಣ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾಮಾನ್ಯ ನಿವಾಸದ ಸ್ಥಳದಿಂದ ತಾತ್ಕಾಲಿಕವಾಗಿ ದೂರ ಹೋದ ಮಾತ್ರಕ್ಕೆ ವ್ಯಕ್ತಿಯು ಅಲ್ಲಿಯ ನಿವಾಸಿಯಲ್ಲ ಎಂದಾಗುವುದಿಲ್ಲ. ಪ್ರವಾಹದ ಎರಡು ತಿಂಗಳು ಅಥವಾ ಗುಳೆಯ ನಾಲ್ಕು ತಿಂಗಳು ಹೊರಗಿದ್ದರೆಂದು ಹೆಸರು ತೆಗೆಯಲು ಬರುವುದಿಲ್ಲ. ಅದೇ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ: ಮನೆ ಅಥವಾ ಜಮೀನಿನ ಮಾಲೀಕರಾಗಿದ್ದ ಮಾತ್ರಕ್ಕೆ ಆ ಸ್ಥಳದ ಸಾಮಾನ್ಯ ನಿವಾಸಿ ಆಗುವುದಿಲ್ಲ. ದಂಡೆಯಲ್ಲಿ ಸ್ಥಿರವಾಗಿ ನೆಲೆಸಿ, ನಡುಗಡ್ಡೆಯಲ್ಲಿ ಹೊಲ ಮಾತ್ರ ಉಳಿಸಿಕೊಂಡವರು ಅಲ್ಲಿಯ ಮತದಾರರಾಗಿ ಮುಂದುವರಿಯಲಾಗದು. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ಹೊಸ ಮನೆಗಳಿಗೆ ಸ್ಥಳಾಂತರಗೊಂಡ ಕುಟುಂಬಗಳಲ್ಲಿ, ಹೆಸರು ಹಳೆಯ ಸ್ಥಳದಲ್ಲೇ ಉಳಿದಿದ್ದರೆ ನಮೂನೆ 8 ಸಲ್ಲಿಸುವುದು ಅವಶ್ಯ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟ ವ್ಯಕ್ತಿಗೆ ತನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕು. ಮತದಾರರ ನೋಂದಣಾಧಿಕಾರಿಯ ಆದೇಶದಿಂದ ಬಾಧಿತರಾದವರು 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಪಡಿತರ ಚೀಟಿ, ಶಾಲಾ ದಾಖಲೆ, ಉದ್ಯೋಗ ಖಾತರಿ ಕೆಲಸದ ಚೀಟಿ ಮುಂತಾದವುಗಳಲ್ಲಿ ನಡುಗಡ್ಡೆಯ ವಿಳಾಸ ಇದ್ದರೆ ಪ್ರತಿಗಳನ್ನು ಲಗತ್ತಿಸುವುದು ಅನುಕೂಲ. ಚುನಾವಣಾ ವೇಳಾಪಟ್ಟಿ ಪ್ರಕಟವಾದ ಮೇಲೆ ಅರ್ಜಿ ಸಲ್ಲಿಸಿದರೆ ಹೆಸರು ಸಕಾಲಕ್ಕೆ ಸೇರುವ ಖಾತರಿ ಇರುವುದಿಲ್ಲ. ಮತದಾನದ ದಿನ ಮತಗಟ್ಟೆಯ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂತಿರುಗುವವರ ಬಗ್ಗೆ ಮತಗಟ್ಟೆ ಅಧಿಕಾರಿ ಏನೂ ಮಾಡುವಂತಿರುವುದಿಲ್ಲ.

ನಾಮಪತ್ರ

ವೇಳಾಪಟ್ಟಿಯ ದಿನಗಳು ಕಡಿಮೆ. 2020ರ ಸಾರ್ವತ್ರಿಕ ಚುನಾವಣೆಯ ಮೊದಲ ಹಂತದಲ್ಲಿ ಡಿಸೆಂಬರ್ 7ರಂದು ಅಧಿಸೂಚನೆ ಹೊರಟು, 11 ನಾಮಪತ್ರ ಸಲ್ಲಿಕೆಗೆ ಕೊನೆಯ ದಿನವಾಗಿತ್ತು. 12ರಂದು ಪರಿಶೀಲನೆ, 14 ಹಿಂಪಡೆಯುವ ಕೊನೆಯ ದಿನ, 22ರಂದು ಮತದಾನ ನಡೆಯಿತು. ಅಂದರೆ ಜಾತಿ ಪ್ರಮಾಣಪತ್ರ, ಘೋಷಣೆ, ಠೇವಣಿ, ಸೂಚಕರ ಸಹಿ ಎಲ್ಲವನ್ನೂ ಐದು ದಿನಗಳಲ್ಲಿ ಹೊಂದಿಸಬೇಕಾಗಿತ್ತು. ಆಗ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂ., ಅನುಸೂಚಿತ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳಾ ಅಭ್ಯರ್ಥಿಗಳಿಗೆ 100 ರೂ. ಇತ್ತು.

ನಾಮಪತ್ರ ಸ್ವೀಕಾರದ ವೇಳೆ ಮಧ್ಯಾಹ್ನ 3 ಗಂಟೆಗೆ ಮುಗಿಯುತ್ತದೆ. ಗಾಳಿ ಬೀಸಿ ತೆಪ್ಪ ತಡವಾಯಿತು ಎಂಬ ಕಾರಣಕ್ಕೆ ಚುನಾವಣಾಧಿಕಾರಿ ಕಾಲಾವಕಾಶ ವಿಸ್ತರಿಸಲು ಬರುವುದಿಲ್ಲ. ಕೊನೆಯ ದಿನಕ್ಕೆ ಕಾಯದೆ ಮೊದಲೆರಡು ದಿನಗಳಲ್ಲೇ ಸಲ್ಲಿಸಿದರೆ, ನಮೂನೆಯಲ್ಲಿ ಲೋಪವಿದ್ದಾಗ ಮತ್ತೊಂದು ನಾಮಪತ್ರ ಹಾಕಲು ಸಮಯ ಉಳಿಯುತ್ತದೆ. ಜಾತಿ ಪ್ರಮಾಣಪತ್ರವನ್ನು ಚುನಾವಣೆ ಘೋಷಣೆಗೆ ಮುನ್ನವೇ ಪಡೆದಿರುವುದು ಉತ್ತಮ.

ನಡುಗಡ್ಡೆಯ ಹಿರಿಯರು ಕೂಡಿ ಒಬ್ಬರನ್ನೇ ನಿಲ್ಲಿಸಲು ನಿರ್ಧರಿಸುವುದು ಹಲವೆಡೆ ನಡೆದುಬಂದಿದೆ. ಇತರರು ಸ್ವಇಚ್ಛೆಯಿಂದ ನಾಮಪತ್ರ ಹಿಂಪಡೆದು ಅವಿರೋಧ ಆಯ್ಕೆಯಾದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ದೇವಸ್ಥಾನಕ್ಕೆ ಅಥವಾ ದೋಣಿ ಖರೀದಿಗೆ ಹಣ ಕೊಡುವವರಿಗೆ ಸ್ಥಾನ ಎಂದು ಹರಾಜು ಹಾಕುವುದು ಅಪರಾಧ. 2020ರ ಚುನಾವಣೆಯ ವೇಳೆ ರಾಜ್ಯದ ಕೆಲವು ಕಡೆ ಇಂತಹ ಹರಾಜಿನ ವರದಿಗಳು ಬಂದಾಗ ಕ್ರಮ ಕೈಗೊಳ್ಳಲು ರಾಜ್ಯ ಚುನಾವಣಾ ಆಯೋಗ ಸೂಚಿಸಿತ್ತು. ಹಣ ಊರಿನ ಒಳಿತಿಗೇ ಹೋಗುತ್ತದೆ ಎಂಬ ಸಮಜಾಯಿಷಿಯಿಂದ ಅಪರಾಧ ಅಪರಾಧವಲ್ಲದಂತೆ ಆಗುವುದಿಲ್ಲ.

ಮತಗಟ್ಟೆ ಮತ್ತು ನದಿ ದಾಟುವ ವ್ಯವಸ್ಥೆ

ನಡುಗಡ್ಡೆಯಲ್ಲಿ ಶಾಲೆ ಅಥವಾ ಅಂಗನವಾಡಿ ಕಟ್ಟಡ ಇದ್ದಲ್ಲಿ ಅಲ್ಲೇ ಮತಗಟ್ಟೆ ಸ್ಥಾಪಿಸಲು ಕೋರಿ ತಹಶೀಲ್ದಾರರಿಗೆ ಮನವಿ ಸಲ್ಲಿಸಬಹುದು. ಮತಗಟ್ಟೆಗಳ ಪಟ್ಟಿ ಅಂತಿಮಗೊಳ್ಳುವ ಮುನ್ನ ಇದನ್ನು ಮಾಡಬೇಕು. ಮನವಿಯಲ್ಲಿ ಮತದಾರರ ಸಂಖ್ಯೆ, ಕಟ್ಟಡದ ವಿವರ, ನದಿ ದಾಟಲು ಬೇಕಾಗುವ ಸಮಯ ಇವುಗಳನ್ನು ನಮೂದಿಸತಕ್ಕದ್ದು. ಮತದಾರರೆಲ್ಲರೂ ನದಿ ದಾಟುವುದಕ್ಕಿಂತ ಐದಾರು ಸಿಬ್ಬಂದಿ ದಾಟುವುದು ಸುರಕ್ಷಿತ ಎಂಬುದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ. 2020ರ ಆಗಸ್ಟ್‌ನಲ್ಲಿ ಕುರ್ವಕುಲದ ಬಳಿ ಕೃಷ್ಣಾ ನದಿಯಲ್ಲಿ ತೆಪ್ಪ ಮಗುಚಿ ಪ್ರಾಣಹಾನಿಯಾಗಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು.

1993ರ ಅಧಿನಿಯಮದಡಿ ಸಾರ್ವತ್ರಿಕ ಚುನಾವಣೆಗಳು 1993ರ ಡಿಸೆಂಬರ್, 2000 ಮತ್ತು 2005ರ ಫೆಬ್ರವರಿ, 2010ರ ಮೇ, 2015ರ ಮೇ-ಜೂನ್ ಹಾಗೂ 2020ರ ಡಿಸೆಂಬರ್ ತಿಂಗಳುಗಳಲ್ಲಿ ನಡೆದಿವೆ. ಕೃಷ್ಣೆಗೆ ಪ್ರವಾಹ ಬರುವ ಜುಲೈನಿಂದ ಸೆಪ್ಟೆಂಬರ್ ಅವಧಿ ಇವುಗಳಲ್ಲಿ ಇಲ್ಲ. ಆದರೆ ಉಪಚುನಾವಣೆಗೆ ಇಂತಹ ತಿಂಗಳು ಎಂಬ ಕಟ್ಟು ಇಲ್ಲದ ಕಾರಣ, ತೆರವಾದ ಸ್ಥಾನಕ್ಕೆ ಮಳೆಗಾಲದಲ್ಲಿ ಮತದಾನ ಬರುವ ಸಂದರ್ಭ ಇದ್ದರೆ ಮುಂಚಿತವಾಗಿ ತಾಲ್ಲೂಕು ಆಡಳಿತದ ಗಮನಕ್ಕೆ ತರುವುದು ಸೂಕ್ತ.

ದೋಣಿಗೆ ಸಂಬಂಧಿಸಿದ ಒಂದು ಎಚ್ಚರಿಕೆ. ಮತದಾರರನ್ನು ಮತಗಟ್ಟೆಗೆ ಕರೆತರಲು ಅಭ್ಯರ್ಥಿಯಾಗಲಿ ಅವರ ಪರವಾಗಿ ಇತರರಾಗಲಿ ಉಚಿತ ವಾಹನ ಅಥವಾ ದೋಣಿ ಒದಗಿಸುವುದನ್ನು ಚುನಾವಣಾ ಕಾನೂನು ಭ್ರಷ್ಟ ಆಚರಣೆ ಎಂದು ಪರಿಗಣಿಸುತ್ತದೆ. ಬಯಲು ಸೀಮೆಯ ಊರಿನಲ್ಲಿ ಇದರಿಂದ ಯಾರಿಗೂ ಅಡಚಣೆಯಿಲ್ಲ, ಜನ ನಡೆದೇ ಬರುತ್ತಾರೆ. ನಡುಗಡ್ಡೆಯಲ್ಲಿ ತೆಪ್ಪದ ಮಾಲೀಕರೇ ಅಭ್ಯರ್ಥಿಯಾಗಿದ್ದರೆ ಅಥವಾ ಅಭ್ಯರ್ಥಿಯ ಸಂಬಂಧಿಯಾಗಿದ್ದರೆ ಏನು ಮಾಡುವುದು? ಇಂತಹ ಕಡೆ ಆ ದಿನದ ದೋಣಿ ವ್ಯವಸ್ಥೆಯನ್ನು ಆಡಳಿತವೇ ವಹಿಸಿಕೊಳ್ಳುವಂತೆ ಮುಂಚಿತವಾಗಿ ಲಿಖಿತವಾಗಿ ಕೋರುವುದೇ ಎಲ್ಲರಿಗೂ ಕ್ಷೇಮ. ಜೀವರಕ್ಷಕ ಕವಚದ ಬೇಡಿಕೆಯನ್ನೂ ಅದೇ ಮನವಿಯಲ್ಲಿ ಸೇರಿಸಬಹುದು.

ಮತ ಚಲಾಯಿಸುವ ವಿಧಾನ

2020ರಲ್ಲಿ ಬೀದರ್ ಜಿಲ್ಲೆಯಲ್ಲಿ ವಿದ್ಯುನ್ಮಾನ ಮತಯಂತ್ರ, ಉಳಿದ ಜಿಲ್ಲೆಗಳಲ್ಲಿ ಮತಪತ್ರ ಬಳಸಲಾಯಿತು. ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳನ್ನು ಪ್ರತಿ ಮತದಾರರು ನೀಡಬಹುದು. ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೀಸಲು ಸ್ಥಾನಕ್ಕೆ ಆ ವರ್ಗದವರು ಮಾತ್ರ ಮತ ನೀಡಬೇಕೆಂಬ ತಪ್ಪು ತಿಳಿವಳಿಕೆ ಇದೆ. ಮೀಸಲಾತಿ ಸ್ಪರ್ಧೆಗೆ ಮಾತ್ರ ಅನ್ವಯಿಸುತ್ತದೆ, ಮತ ನೀಡಲು ಎಲ್ಲರೂ ಅರ್ಹರು. ಸ್ಥಾನಗಳ ಸಂಖ್ಯೆಗಿಂತ ಹೆಚ್ಚು ಗುರುತು ಹಾಕಿದ ಮತಪತ್ರ ಎಣಿಕೆಯಲ್ಲಿ ತಿರಸ್ಕೃತವಾಗುತ್ತದೆ. ನೂರಿಪ್ಪತ್ತು ಮತದಾರರ ನಡುಗಡ್ಡೆಯಲ್ಲಿ ಹತ್ತು ಮತಪತ್ರಗಳು ಹೀಗೆ ವ್ಯರ್ಥವಾದರೆ ಅದು ಸಣ್ಣ ಸಂಖ್ಯೆಯಲ್ಲ.

ಫಲಿತಾಂಶದ ನಂತರ

ಫಲಿತಾಂಶದ ಬಗ್ಗೆ ತಕರಾರು ಇದ್ದಲ್ಲಿ ಘೋಷಣೆಯಾದ 30 ದಿನಗಳೊಳಗೆ ನಿಗದಿತ ನ್ಯಾಯಾಲಯದಲ್ಲಿ ಚುನಾವಣಾ ಅರ್ಜಿ ಸಲ್ಲಿಸಬೇಕು. ತಹಶೀಲ್ದಾರರಿಗಾಗಲಿ ಆಯೋಗಕ್ಕಾಗಲಿ ಬರೆದ ಪತ್ರದಿಂದ ಫಲಿತಾಂಶ ಬದಲಾಗುವುದಿಲ್ಲ. ಕ್ಷೇತ್ರ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನದ 243ಒ ಅನುಚ್ಛೇದ ನಿರ್ಬಂಧ ಹಾಕಿರುವುದರಿಂದ, ಗಡಿಯ ಕುರಿತ ಆಕ್ಷೇಪಣೆಯನ್ನು ಕರಡಿನ ಹಂತದಲ್ಲೇ ಸಲ್ಲಿಸಬೇಕೆಂದು ಮೇಲೆ ಒತ್ತಿ ಹೇಳಲಾಗಿದೆ.

ನಡುಗಡ್ಡೆಯಿಂದ ಯಾರೂ ಆಯ್ಕೆಯಾಗದಿದ್ದಲ್ಲಿ ವಾರ್ಡ್ ಸಭೆಯನ್ನು ಬಳಸಿಕೊಳ್ಳಬಹುದು. ಅಧಿನಿಯಮದಂತೆ ಇದು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಮಳೆಗಾಲಕ್ಕೆ ಮುನ್ನ ನಡೆಯುವ ಸಭೆಯನ್ನು ನಡುಗಡ್ಡೆಯಲ್ಲೇ ಕರೆಯುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ದೋಣಿಗಟ್ಟ, ಕುಡಿಯುವ ನೀರು, ಶಾಲೆ, ಆರೋಗ್ಯ ಸಿಬ್ಬಂದಿಯ ಭೇಟಿ ಇವುಗಳ ಬೇಡಿಕೆ ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿ ಸಹಿ ಹಾಕತಕ್ಕದ್ದು.

ಅರ್ಜಿ ನಮೂನೆಗಳು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕಚೇರಿ ವೇಳೆಯಲ್ಲಿ ಉಚಿತವಾಗಿ ದೊರೆಯುತ್ತವೆ.